ಬಿಲಿಯರ್ಡ್ಸ್ ಮೇಜಿನ ಆಯಿ

ಕಳೆದ ತಿಂಗಳು ವಿಜಯಪುರದಲ್ಲಿ ಕನ್ನಡಕ ಮಾಡಿಸಲು ಹೋಗಿದ್ದೆ. ಅರ್ಧ ತಾಸು ಕಾಯಬೇಕು ಎಂದರು. ಪಕ್ಕದಲ್ಲೇ ಕಾಲೇಜು ಹುಡುಗರು ಪೂಲ್ ಆಡುವ ಹೊಸ ಜಾಗವೊಂದಿತ್ತು. ಸುಮ್ಮನೆ ಒಳಗೆ ಹೋಗಿ ನಿಂತೆ. ಕೋಲಿನ ತುದಿಗೆ ಹಚ್ಚುವ ನೀಲಿ ಚಾಕಿನ ತುಂಡು ಮೇಜಿನ ಅಂಚಿನಲ್ಲಿತ್ತು. ಎತ್ತಿಕೊಂಡೆ. ಬೆರಳಿಗೆ ನೀಲಿ ಪುಡಿ ಹತ್ತಿತು... ಆ ಒಣ ವಾಸನೆ ಮೂಗಿಗೆ ಬಂದದ್ದೇ ತಡ, ಸಿಂದಗಿಯ ಆಯಿ ಕಣ್ಣ ಮುಂದೆ ಬಂದು ನಿಂತರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಸಿಂದಗಿಯಲ್ಲಿ ಓವರ್‌ಸಿಯರ್ ಆಗಿದ್ದೆ. ಹಗಲೆಲ್ಲ ರಸ್ತೆಯ ಖಡಿ, ಮುರುಮು, ಸಂಜೆಯಾದರೆ ಅಧಿಕಾರಿಗಳ ಕ್ಲಬ್ಬು. ಎರಡೇ ಕೋಣೆಯ ಕಲ್ಲಿನ ಕಟ್ಟಡ. ಒಂದರಲ್ಲಿ ಇಸ್ಪೀಟು, ಇನ್ನೊಂದರಲ್ಲಿ ಬಿಲಿಯರ್ಡ್ಸ್ ಮೇಜು. ಮೇಜು ಹಳೆಯದು, ಯಾವ ಕಾಲದಲ್ಲೋ ಸೊಲ್ಲಾಪುರದಿಂದ ಬಂದದ್ದಂತೆ. ಅದರ ಮೇಲಿನ ಹಸಿರು ಉಣ್ಣೆ ಬಟ್ಟೆ ಮಾತ್ರ ಹೊಸದು. ಹಿಂದಿನ ವರ್ಷವಷ್ಟೇ ಮುಂಬಯಿಯಿಂದ ತರಿಸಿದ್ದರು. ಇನ್ನೊಮ್ಮೆ ತರಿಸುವ ಶಕ್ತಿ ನಮ್ಮ ಕ್ಲಬ್ಬಿಗೆ ಇರಲಿಲ್ಲ.

ಅಲ್ಲಿ ಕಸ ಹೊಡೆದು, ನೀರು ತುಂಬಿಟ್ಟು, ದೀಪ ಹಚ್ಚುತ್ತಿದ್ದವರು ಆಯಿ. ಐವತ್ತರ ಆಸುಪಾಸಿನ ವಿಧವೆ. ದೇವರ ಹಿಪ್ಪರಗಿ ಕಡೆಯ ಕುರಿಗಾರರ ಮನೆತನದವರು. ತವರಿನಲ್ಲಿ ಕಂಬಳಿ ನೇಯುತ್ತಿದ್ದರಂತೆ. ಎಲ್ಲರಿಗೂ ಅವರು ಆಯಿಯೇ. ಆಟ ನಡೆಯುವಾಗ ಒಳಗೆ ಕಾಲಿಡುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಆ ಹಸಿರು ಬಟ್ಟೆಯ ಮೇಲೆ ಬ್ರಷ್ ಆಡಿಸುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಹಾಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಬೇಸಿಗೆಯಲ್ಲಿ ಬಸವನ ಬಾಗೇವಾಡಿಯ ಕ್ಲಬ್ಬಿನವರು ನಮ್ಮಲ್ಲಿಗೆ ಆಡಲು ಬರುತ್ತಾರೆಂದು ಗೊತ್ತಾಯಿತು. ಅದಕ್ಕೆ ಎರಡು ದಿನ ಮೊದಲು ನಾನೊಬ್ಬನೇ ಅಭ್ಯಾಸ ಮಾಡುತ್ತಿದ್ದೆ. ಕೈಯೆಲ್ಲ ಬೆವರು. ಚಾಕಿನ ತುಂಡು ಬಟ್ಟೆಯ ಮೇಲೆ ಬಿದ್ದದ್ದು ಕಾಣದೆ ಅದರ ಮೇಲೆಯೇ ಅಂಗೈ ಊರಿ ಬಗ್ಗಿದೆ. ತುಂಡು ಪುಡಿಯಾಯಿತು. ಗಾಬರಿಯಲ್ಲಿ ಕರವಸ್ತ್ರ ತೊಯ್ಸಿಕೊಂಡು ಬಂದು ಉಜ್ಜಿದೆ. ಉಜ್ಜಿದಷ್ಟೂ ಕಲೆ ಹರಡಿತು. ಕೊನೆಗೆ ನೋಡಿದರೆ ಹಸಿರು ಬಟ್ಟೆಯ ನಡುವೆ ರೊಟ್ಟಿಯಷ್ಟು ಅಗಲದ ನೀಲಿ!

ಅಷ್ಟರಲ್ಲಿ ಕ್ಲಬ್ಬಿನ ಸೆಕ್ರೆಟರಿ ಬಂದರು. ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತ ಆಯಿ ಕಂಡರು.

“ಯಾರ್ ಹೇಳಿದ್ರು ನಿನಗ ಇದಕ್ಕ ನೀರ್ ಹಚ್ಚಂತ?” ಎಂದು ಅವರ ಮೇಲೆಯೇ ಹಾರಿಹಾಯ್ದರು.

ಆಯಿ ನನ್ನ ಕಡೆ ನೋಡಲೂ ಇಲ್ಲ. ಒದ್ದೆ ಕರವಸ್ತ್ರವನ್ನು ನಾನು ಒಂದು ಕ್ಷಣ ಬೆನ್ನ ಹಿಂದೆ ಮುಚ್ಚಿಟ್ಟೆ... ಆ ಒಂದು ಕ್ಷಣಕ್ಕೆ ನನಗೆ ಇಂದಿಗೂ ನಾಚಿಕೆಯಿದೆ. ಆಮೇಲೆ, “ಅವರಲ್ರಿ, ನಾ ಮಾಡಿದ್ದರಿ,” ಎಂದೆ. ಸೆಕ್ರೆಟರಿ ನನ್ನನ್ನು ದುರುಗುಟ್ಟಿ ನೋಡಿದರು. “ಹೋಗ್ಲಿ. ಸಬಕಾರ ಹಾಕಿ ತಿಕ್ಕಿ ತೊಳಸ್ರಿ,” ಎಂದರು.

ಆಗ ಆಯಿ ಕೊಡ ಇಳಿಸಿ, ಮೇಜಿನ ಮುಂದೆ ಬಂದು ನಿಂತರು. “ಸಬಕಾರ ಬ್ಯಾಡ್ರಿ ಸಾಹೇಬ್ರ. ತಿಕ್ಕಿದ್ರ ಉಣ್ಣೆ ಗಂಟ್ ಕಟ್ಟತೈತ್ರಿ.”

“ಬಿಲಿಯರ್ಡ್ಸ್ ಆಟ ನಿನಗೇನ ಗೊತ್ತೈತಿ?”

“ಆಟ ಗೊತ್ತಿಲ್ರಿ. ಉಣ್ಣೆ ಗೊತ್ತೈತ್ರಿ.”

ಆಯಿಯೇ ಮುಂದುವರಿದು, “ಒಂದ್ ದಿನಾ ಕೊಡ್ರಿ. ಕೆಟ್ಟರ ನನ್ನ ಕೆಲಸದಿಂದ ತಗೀರಿ,” ಎಂದರು. ಮನೆಯಲ್ಲಿ ಅವರ ಕೂಲಿಯನ್ನೇ ನೆಚ್ಚಿದ ಹಾಸಿಗೆ ಹಿಡಿದ ತಾಯಿ ಇದ್ದರು. ತಾನೇನು ಪಣಕ್ಕಿಡುತ್ತಿದ್ದೇನೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಅಂದು ಅವರು ಬಟ್ಟೆ ಮುಟ್ಟಲೇ ಇಲ್ಲ. “ಮದಲ ಒಣಗ್ಲಿ, ತಮ್ಮಾ. ಹಸೀದನ್ನ ಮುಟ್ಟಿದ್ರ ಬಣ್ಣ ಒಳಗ ಇಳೀತದ,” ಎಂದರು. ಮರುದಿನ ನಾನು ರಜೆ ಹಾಕಿ ಹೋಗಿ ಅವರ ಪಕ್ಕ ನಿಂತೆ. ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ, ಎದ್ದ ಪುಡಿಯನ್ನು ಬ್ರಷ್‌ನಿಂದ ಒಂದೇ ದಿಕ್ಕಿಗೆ ಸರಿಸಿದರು. ಆಮೇಲೆ ಹಳೆಯ ಮೆತ್ತನೆಯ ಅರಿವೆಯನ್ನು ತಣ್ಣೀರಿನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ಕಲೆಯ ಮೇಲೆ ಒತ್ತಿ ಎತ್ತಿದರು. ಅರಿವೆಗೆ ಒಂದಿಷ್ಟು ನೀಲಿ ಬಂತು. ಮಗ್ಗುಲು ಬದಲಿಸಿ ಮತ್ತೆ ಒತ್ತಿದರು. ಒಮ್ಮೆಯೂ ಉಜ್ಜಲಿಲ್ಲ. ಒತ್ತುವುದು, ಎತ್ತುವುದು, ಒಣಗಲು ಬಿಡುವುದು, ಬ್ರಷ್ ಆಡಿಸುವುದು. ನಾನು ಚಡಪಡಿಸಿದಾಗೆಲ್ಲ “ಗಡಬಡಿ ಮಾಡಬ್ಯಾಡ” ಎನ್ನುತ್ತಿದ್ದರು. ಊಟಕ್ಕೂ ಏಳಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ, ಕಲೆ ಎಲ್ಲಿತ್ತು ಎಂದು ನಾನೇ ಬಗ್ಗಿ ಹುಡುಕಬೇಕಾಯಿತು.

ಬಾಗೇವಾಡಿಯಿಂದ ಬಂದವರಲ್ಲಿ ಪುಣೆಯಲ್ಲಿ ಓದಿದ ಹಿರಿಯ ಡಾಕ್ಟರೊಬ್ಬರಿದ್ದರು. ಆಡುವ ಮೊದಲು ಬಟ್ಟೆಯ ಮೇಲೆ ಅಂಗೈ ಆಡಿಸಿದವರು ಹಾಗೇ ನಿಂತುಬಿಟ್ಟರು. “ಇದನ್ನ ಯಾರ್ ನೋಡ್ಕೋತಾರ್ರಿ? ಪುಣೆದಾಗ ಸುದ್ದಾ ಇಷ್ಟ್ ಚಂದ ಇಟ್ಟಿದ್ದು ನಾ ನೋಡಿಲ್ಲ.”

ನಾನು ಸೆಕ್ರೆಟರಿಯ ಮುಖ ನೋಡಿದೆ. ಅವರು ಏನು ಬೇಕಾದರೂ ಹೇಳಬಹುದಿತ್ತು. “ನಮ್ಮ ಆಯಿ ನೋಡ್ಕೋತಾರ್ರಿ,” ಎಂದರು. ಆಯಿಯ ಬಗ್ಗೆ ಅವರು ಬಹುವಚನದಲ್ಲಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಆಯಿಯನ್ನು ಒಳಗೆ ಕರೆದರು. ಅವರು ಸೆರಗು ಸರಿಮಾಡಿಕೊಂಡು ಬಂದು, ಡಾಕ್ಟರ ಕೈಯನ್ನೇ ಹಿಡಿದು ಬಟ್ಟೆಯ ಮೇಲೆ ಅತ್ತ ಇತ್ತ ಆಡಿಸಿದರು. “ಹಿಂಗ ಹೋದ್ರ ಮೆತ್ತಗ. ಹಿಂಗ ಬಂದ್ರ ಒರಟ. ಕುರಿ ಮೈಮ್ಯಾಲ ಉಣ್ಣೆ ಮಲಗಿರ್ತದಲ್ರಿ, ಹಂಗ. ಮಲಗಿದ ಕಡೇನ ಬ್ರಷ್ ಹೊಡೀಬೇಕ್ರಿ.” ಅಷ್ಟೂ ಮಂದಿ ಅಧಿಕಾರಿಗಳು ಸಾಲಿ ಹುಡುಗರಂತೆ ನಿಂತು ಕೇಳಿದರು. ಆಟದಲ್ಲಿ ನಾವು ಸೋತೆವು. ಅದು ಯಾರಿಗೂ ನೆನಪಿಲ್ಲ.

ತಿಂಗಳೊಳಗೆ ಬಾಗೇವಾಡಿಯಿಂದ ಕಾಗದ ಬಂತು. ತಮ್ಮ ಮೇಜನ್ನೂ ಬಂದು ನೋಡಬೇಕೆಂದು ಆಯಿಗೆ ಕರೆ. ಲಕೋಟೆಯ ಮೇಲೆ ಅವರ ಪೂರ್ತಿ ಹೆಸರು, ಅದರ ಮೊದಲಿಗೆ ‘ಶ್ರೀಮತಿ’. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ.

“ಒಳಗಿಂದು ಇರ್ಲಿ. ಮ್ಯಾಲ ಬರದದ್ದು ಇನ್ನೊಮ್ಮೆ ಓದು,” ಎಂದರು.

ಬಾಗೇವಾಡಿಗೆ ನಾನೇ ಜೊತೆಗೆ ಹೋದೆ. ಇಳಕಲ್ ಸೀರೆ ಉಟ್ಟು, ಕೈಚೀಲದಲ್ಲಿ ಬ್ರಷ್ ಇಟ್ಟುಕೊಂಡು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಯಾವ ಊರಿಗೆ ಎಂದ ಕಂಡಕ್ಟರನಿಗೆ ಊರಿನ ಹೆಸರಿನ ಜೊತೆಗೆ, ಅವನು ಕೇಳದಿದ್ದರೂ, “ಕೆಲಸಕ್ಕ ಹೊಂಟೇನಿ” ಎಂದೂ ಹೇಳಿದರು. ಮುಂದೆ ಮುದ್ದೇಬಿಹಾಳದವರೂ ಕರೆಸಿಕೊಂಡರು, ಇಂಡಿಯವರೂ ಕರೆಸಿಕೊಂಡರು. ಆಗ ಅವರು ಒಬ್ಬರೇ ಹೋಗಿ ಬಂದರು.

ನನಗೆ ವರ್ಗವಾಯಿತು. ಮೊದಮೊದಲು ಸಿಂದಗಿಗೆ ಹೋದಾಗ ಕಾಣುತ್ತಿದ್ದೆ, ಆಮೇಲೆ ಅದೂ ತಪ್ಪಿತು... ಅವರು ತೀರಿಕೊಂಡ ಸುದ್ದಿ ತಿಳಿದದ್ದು ಎರಡು ವರ್ಷ ಕಳೆದ ಮೇಲೆ, ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ, ಅವರ ತಮ್ಮನ ಬಾಯಿಂದ. “ನಿಮಗ ಹೆಂಗ ತಿಳಸ್ಬೇಕು ಗೊತ್ತಾಗ್ಲಿಲ್ರಿ,” ಎಂದ. ವಿಳಾಸ ಕೊಟ್ಟು ಹೋಗದಿದ್ದವನು ನಾನೇ.

ಕ್ಲಬ್ಬಿದ್ದ ಜಾಗದಲ್ಲಿ ಈಗ ಸಾಲು ಅಂಗಡಿಗಳಿವೆ. ಸೆಕ್ರೆಟರಿ ಇಲ್ಲ, ಡಾಕ್ಟರೂ ಇಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನೀವು ಕಂಡ ದೊಡ್ಡ ಕೆಲಸಗಾರರು ಯಾರು ಎಂದು ಯಾರಾದರೂ ಕೇಳಿದರೆ ನಾನು ಇಂಜಿನಿಯರರ ಹೆಸರು ಹೇಳುವುದಿಲ್ಲ, ಆಯಿಯ ಹೆಸರು ಹೇಳುತ್ತೇನೆ. ಎದೆ ತುಂಬಿ ಹೇಳುತ್ತೇನೆ. ಕೇಳಿದವರು ಯಾರವರು ಎನ್ನುತ್ತಾರೆ. ಬಲ್ಲವರಲ್ಲಿ ಈಗ ಉಳಿದವನು ನಾನೊಬ್ಬನೇ ಇರಬೇಕು.