ಹೆಸರಿಗೆ ಜಾಗವಿದೆ, ಸೀರೆಗಿಲ್ಲ

ಜಮಖಂಡಿಯ ಆ ಹೊಸ ಬಂಗಲೆಯ ಗೇಟಿನ ಮೇಲೆ ಎರಡು ಅಡ್ಡಹೆಸರುಗಳನ್ನು, ನಡುವೆ ಸಣ್ಣದೊಂದು ಗೀಟು ಹಾಕಿ, ಹಿತ್ತಾಳೆಯಲ್ಲಿ ಬರೆಸಿದ್ದಾರೆ. ಊರಿನ ಯಾವ ಸಮಾರಂಭವೂ ಆ ಜೋಡಿ ಹೆಸರಿಲ್ಲದೆ ನಡೆಯುವುದಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮೊದಲ ಹೆಸರು ನನ್ನ ಅವ್ವನ ಸೋದರತ್ತೆ ಸೇರಿದ ಮನೆತನದ್ದು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಗಲಗಲಿಯ ಹೊಳೆದಂಡೆಯ ಹೊಲ ಮಾತ್ರ ಬೇಕಾದಷ್ಟಿತ್ತು. ಆಕೆ ಮುಧೋಳದ ನೆಂಟರ ಹುಡುಗನನ್ನು ದತ್ತಕ ಕೇಳಿದಳು. ದತ್ತಕ ಹೋದವನು ಹುಟ್ಟಿದ ಮನೆಯ ಹೆಸರು ಬಿಡುವುದು ರೂಢಿ. ಹುಡುಗನ ಅಪ್ಪನಿಗೆ ಹೊಲ ಬೇಕು, ಹೆಸರು ಬಿಡಲೊಲ್ಲ. ಕೊನೆಗೆ ಅತ್ತೆಯೇ ದಾರಿ ತೋರಿಸಿದಳು. “ಎರಡೂ ಇರಲಿ. ಆದ್ರ ನಮ್ಮನಿ ಹೆಸರು ಮೊದಲ ಇರಬೇಕು. ನಾ ಸತ್ತ ಮ್ಯಾಲೆ ಹಿರ್ಯಾರ ಎಡಿ ಮುಂದ ನನಗೊಂದು ಸೀರಿ ಇಡಬೇಕು.” ಪುಟ್ಟ ಹುಡುಗಿಯಾಗಿದ್ದ ಅವ್ವ ಅದೇ ಪಡಸಾಲೆಯಲ್ಲಿ ಕೂತು ಇದನ್ನು ಕೇಳಿದ್ದಳು.

ದತ್ತಕ ಬಂದವನು ಬದುಕಿರುವವರೆಗೆ ಸೀರೆ ಇಟ್ಟ. ಅವನು ಹೋದ ಮೇಲೆ ಅದು ನಿಂತಿತು.

ಬಂಗಲೆಯ ವಾಸ್ತುಶಾಂತಿಗೆ ನಮಗೂ ಕರೆ ಬಂತು. ಅವ್ವ ನಮ್ಮೂರು ಬನಹಟ್ಟಿಯ ಮಗ್ಗದ ಸೀರೆಯೊಂದನ್ನು ತಾನೇ ಆರಿಸಿ ತಂದಳು. ಬಾಗಿಲಲ್ಲೇ ಯಾರೋ ಅದನ್ನು ಇಸಿದುಕೊಂಡು ಉಡುಗೊರೆಗಳ ರಾಶಿಗೆ ಎಸೆದರು. ಒಳಗೆ ಎಡೆಯ ಮುಂದೆ ತಲೆಗೆ ಪಟಗ ಸುತ್ತಿದ ಹಿರಿಯರ ಫೋಟೋಗಳು, ಧೋತರಗಳು. ಸೀರೆ ಒಂದೂ ಇಲ್ಲ. ಹೊರಗೆ ದತ್ತಕ ಬಂದವನ ಮೊಮ್ಮಗ, ಈಗಿನ ಯಜಮಾನ, ಮೈಕು ಹಿಡಿದು ಹೇಳುತ್ತಿದ್ದ: ಮೊದಲ ಹೆಸರು ಅವರ ಮುತ್ತಜ್ಜನ ಶೌರ್ಯಕ್ಕೆ ಅರಸರು ಕೊಟ್ಟ ಬಿರುದಂತೆ. ಜನ ಚಪ್ಪಾಳೆ ತಟ್ಟಿದರು. ಎಂಥ ಶೌರ್ಯ, ಮುದುಕಿಯ ಹೊಲ ಉಂಡಿದ್ದೇ?

ಅವ್ವ ಎದ್ದು ರಾಶಿಯಿಂದ ತನ್ನ ಸೀರೆ ಎಳೆದುಕೊಂಡಳು. ಯಜಮಾನ ಮೈಕು ಬಿಟ್ಟು ಓಡಿಬಂದ.

“ಯಾಕ ಆಯಿ, ಏನಾತರಿ?”

“ಇದು ನಿಮ್ಮಜ್ಜನ್ನ ದತ್ತಕ ತಗೊಂಡಾಕಿಗಿ ತಂದದ್ದು. ಎಡಿ ಮುಂದ ಇಡು.”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ದತ್ತಕದ ಮಾತು ಈಗ ಯಾಕ ತಗೀತೀರಿ ಆಯಿ. ಮಂದಿ ಅದಾರ.”

ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ತಿಳಿಯದೆ ಆಡಿದ ಮಾತಾಗಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ಗೊತ್ತಿದ್ದೂ ಆಕೆಯನ್ನು ಅಳಿಸಿದ್ದ.

“ಹಂಗಾದ್ರ ಆಕಿ ಹೆಸರು ಗೇಟಿನ ಮ್ಯಾಲಿಂದ ಇಳಸು,” ಅಂದಳು ಅವ್ವ.

ಅವನು ಕೈ ಮುಗಿದು, “ಊಟ ಮಾಡ್ಕೊಂಡು ಹೋಗ್ರಿ,” ಅಂದ.

ನಾವು ಊಟ ಮಾಡಲಿಲ್ಲ. ಬನಹಟ್ಟಿಗೆ ಬಂದು ಅವ್ವ ಅಡುಗೆ ಮಾಡಿ, ಎಡೆ ಹಿಡಿದು, ಸೀರೆಯನ್ನು ಅದರ ಮುಂದೆ ಇಟ್ಟಳು. ಈಗ ಅವ್ವನೂ ಇಲ್ಲ. ಹಿರಿಯರ ಎಡೆಯ ಮುಂದೆ ನಾನು ಎರಡು ಸೀರೆ ಇಡುತ್ತೇನೆ. ಗೇಟಿನ ಮೇಲಿನ ಹಿತ್ತಾಳೆಯನ್ನು ಅವರು ಇವತ್ತಿಗೂ ತಿಕ್ಕಿಸುತ್ತಾರೆ.