ಜಗಲಿಯ ಮೇಲಿನ ಮುಳ್ಳುಪಟ್ಟಿ

ನಮ್ಮ ಅತ್ತೆ ಮಹಾಂತಮ್ಮ ದೇವದುರ್ಗದಿಂದ ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಬಂದದ್ದು ನನ್ನ ಮಗಳು ವಚನಾಳನ್ನು ನೋಡಿಕೊಳ್ಳಲು. ಬರುವಾಗ ಒಂದು ಚೀಲದಲ್ಲಿ ಸೀರೆ, ಇನ್ನೊಂದರಲ್ಲಿ ಜೋಳದ ಹಿಟ್ಟು ತಂದಿದ್ದರು. ದೇವರುಗಳನ್ನು ಮಾತ್ರ ಹಿತ್ತಾಳೆ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡು ಬಂದಿದ್ದರು. ಮಾವನವರು ಇದ್ದಾಗ ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಕಿರಾಣಿ ಅಂಗಡಿ ಇತ್ತು. ಅವರು ಅಂಗಡಿ ನೋಡುತ್ತಿದ್ದರು, ಅತ್ತೆ ಆಕಳು ನೋಡುತ್ತಿದ್ದರು. ನಸುಕಿನಲ್ಲಿ ಓಣಿಯ ಮನೆಮನೆಗೆ ಹಾಲು ಹಾಕಿ ಬಂದು ರೊಟ್ಟಿ ಬಡಿಯುತ್ತಿದ್ದ ಕೈ ಅದು. ಈಗಲೂ ಅವರಿಗೆ ಯಾವುದಕ್ಕೂ ಅವಸರವಿಲ್ಲ. ಕೂಸು ಕಿರುಚಿದರೆ ನಾನು ಒಲೆ ಆರಿಸದೆ ಓಡುತ್ತೇನೆ. ಅವರು ಹಂಚಿನ ಮೇಲಿನ ರೊಟ್ಟಿ ಮಗುಚಿ, ಸೆರಗಿಗೆ ಕೈ ಒರೆಸಿ, ಆಮೇಲೆ ಏಳುತ್ತಾರೆ.

"ಮೈ ಬಿಸಿ ಅದ ಅತ್ತೀ, ಥರ್ಮಾಮೀಟರ್ ಎಲ್ಲಿಟ್ರಿ?" ಎಂದು ನಾನು ಹುಡುಕಾಡಿದರೆ, "ಈಗ ಬಿಸಲಾಗ ಆಡಿ ಬಂದದ ಬೇ. ನಿನ್ನ ಮೈನೂ ಬಿಸಿನೇ ಅದ, ಮುಟ್ಟಿ ನೋಡ್ಕೋ" ಎನ್ನುತ್ತಾರೆ.

ಬಂದ ದಿನವೇ ಅವರು ದೇವರ ಜಗಲಿ ಹೂಡಿದರು. ಮಲ್ಲಯ್ಯನ ಫೋಟೋ, ಬಸವಣ್ಣನ ಮೂರ್ತಿ, ಹಣೆಗೆ ಹಚ್ಚುವ ಇಬತ್ತಿ ಗಟ್ಟಿ. ಅವುಗಳ ಪಕ್ಕದಲ್ಲಿ ಇಟ್ಟದ್ದನ್ನು ನೋಡಿ ಕೂಸನ್ನು ಎತ್ತಿಕೊಂಡೆ. ಅರ್ಧಚಂದ್ರದಂತೆ ಬಾಗಿದ, ಅಂಗೈ ಅಗಲದ ಕಬ್ಬಿಣದ ಪಟ್ಟಿ. ಹೊರಮೈ ತುಂಬ ದಪ್ಪ ಮೊಳೆಗಳಂಥ ಮುಳ್ಳು. ಎರಡೂ ತುದಿಗೆ ಹಗ್ಗ ಪೋಣಿಸುವ ತೂತು. ಎಣ್ಣೆ ಉಂಡು ಕಪ್ಪಾಗಿತ್ತು, ಇಬತ್ತಿಯ ಪದರ ಕಟ್ಟಿತ್ತು.

"ಇದೇನ್ರಿ ಅತ್ತೀ?"

"ಜಗಲಿ ಮ್ಯಾಲ ಏನಿರ್ತದ? ದೇವರು."

"ಯಾವ ದೇವರು?"

"ಕೈ ಮುಗಿ, ಸಾಕು."

ವಚನಾ ಆಗತಾನೆ ಗೋಡೆ ಹಿಡಿದು ನಡೆಯುತ್ತಿದ್ದಳು. ತುಕ್ಕು, ಧನುರ್ವಾಯು, ಕಣ್ಣು... ನನ್ನ ತಲೆಯಲ್ಲಿ ಏನೇನೋ ಓಡಿತು. ನನ್ನ ಗಂಡ ಚನ್ನವೀರನನ್ನು ಕೇಳಿದರೆ, "ನಾ ಹುಟ್ಟಿದಾಗಿಂದ ಅಲ್ಲೇ ಅದ. ನನಗೇನ್ ಚುಚ್ಚ್ಯದ?" ಎಂದು ಟಿವಿ ಕಡೆ ತಿರುಗಿದ. ಕೊನೆಗೆ ಒಂದು ಫೋಟೋ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಾನ್ವಿಯಲ್ಲಿ ರೈಸ್‌ಮಿಲ್ ಇಟ್ಟಿರುವ ಅವನ ದೊಡ್ಡಪ್ಪನ ಮಗ ಕೊಟ್ರೇಶಣ್ಣ ಕೂಡಲೇ ವಾಯ್ಸ್ ಮೆಸೇಜು ಬಿಟ್ಟ: "ತಂಗೀ, ಅದು ನಮ್ಮ ಮುತ್ಯಾನ ಮುಳ್ಳಾವಿಗಿ. ಅದನ್ನ ಮೆಟಗೊಂಡು ಶ್ರೀಶೈಲಕ್ಕ ನಡಕೋತ ಹೋಗ್ಯಾನ. ಸಾಮಾನ್ಯ ಮನಷ್ಯಾ ಅಲ್ಲ ಅವ!"

ಅದಕ್ಕೆ ಅವನ ತಂಗಿಯ ಉತ್ತರ: "ಮುಳ್ಳಾವಿಗಿ ಆದ್ರ ಮುಳ್ಳು ಅಂಗಾಲಿಗಿ ಇರಬೇಕಲ್ಲಣ್ಣ. ಇವು ಹೊರಗದಾವ. ಮುತ್ಯಾ ಏನ್ ತಲಿ ಕೆಳಗ ಮಾಡಿ ನಡದಿದ್ನೇನು?"

ಕೊಟ್ರೇಶಣ್ಣ ಸೋಲಲಿಲ್ಲ. ಹಾಗಾದರೆ ನಿಜಾಮನ ಕಾಲದ ಕುದುರೆಯ ಸರಂಜಾಮು ಎಂದ. ಎಲ್ಲವನ್ನೂ ಅತ್ತೆಗೆ ಕೇಳಿಸಿದೆ. ಅವರು ಸೊಪ್ಪು ಸೋಸುತ್ತಾ, "ಆಗಲಿ ಬಿಡು. ಕುದುರಿನೇ ಇರಲಿ" ಎಂದರು.

ನನಗೆ ಅದರ ಬೆನ್ನು ಹತ್ತುವಷ್ಟು ಜೀವ ಉಳಿದಿರಲಿಲ್ಲ. ಮಾನ್ವಿಯ ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸಕ್ಕೆ ಮತ್ತೆ ಸೇರಿದ್ದೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ವಚನಾ ಮೊಲೆ ಬಿಟ್ಟಿರಲಿಲ್ಲ. ಹಗಲೆಲ್ಲ ಬಾಗಿಲು ನೋಡುತ್ತಾ ಏನೂ ಉಣ್ಣದೆ ಇದ್ದು, ನಾನು ಬಂದೊಡನೆ ಅಂಟಿಕೊಂಡರೆ ಬೆಳಗಿನವರೆಗೂ ಬಿಡುತ್ತಿರಲಿಲ್ಲ. ಹಲ್ಲು ಬೇರೆ ಬಂದಿದ್ದವು. ಅವಳೂ ಸೊರಗಿದಳು, ನಾನೂ ಸೊರಗಿದೆ. ಪಾಠದ ನಡುವೆ ಹಾಲು ಇಳಿದು ಕುಪ್ಪಸ ಒದ್ದೆಯಾದರೆ ಸೆರಗು ಹೊದ್ದು ಬೋರ್ಡಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ಅವತ್ತು ಚನ್ನವೀರ, "ಕೆಲಸ ಬಿಟ್ಟಬಿಡು, ಅಷ್ಟ್ಯಾಕ?" ಎಂದ, ಫ್ಯಾನು ಆರಿಸು ಅನ್ನುವಷ್ಟು ಸಲೀಸಾಗಿ. ದಸರೆಯ ರಜೆ ಮುಗಿಯುವುದರೊಳಗೆ ಕೂಸು ಹಾಲು ಬಿಟ್ಟು ಊಟಕ್ಕೆ ಬೀಳಬೇಕು, ಇಲ್ಲವೆಂದರೆ ನಾನೇ ಕೆಲಸ ಬಿಡಬೇಕು. ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಉಪಾಯ ಹೇಳಿದ್ದು ಸ್ಟಾಫ್ ರೂಮಿನ ಗೆಳತಿ ಅಸ್ಮತ್. "ಬೇವಿನ ತಪ್ಪಲ ಅರದು ಹಚ್ಕೊಳ್ರಿ ಮೇಡಂ. ಒಂದೇ ಸಲಕ್ಕ ಬಿಡ್ತಾವ." ಮಗಳ ಫೋಟೋ ತೋರಿಸಿ ಎಂದಾಗ ಮೊಬೈಲ್ ಕೊಟ್ಟೆ. ಬೆರಳು ಸರಿಸುತ್ತಾ ಹೋದವಳು ಆ ಕಬ್ಬಿಣದ ಮೇಲೆ ನಿಂತಳು.

"ಯಾ ಅಲ್ಲಾ, ಇದು ನಿಮ್ಮನಿ ಜಗಲಿ ಮ್ಯಾಲ ಯಾಕ ಕುಂತದ? ಹಿರೇಕೊಟ್ನೆಕಲ್ ಊರಾಗ ನಮ್ಮ ನಾನಾ ಅಜ್ಜನ ಕೊಟ್ಟಿಗ್ಯಾಗ ಇತ್ತು. ಹಾಲು ಬಿಡಸಾಕ ಆಕಳ ಕರದ ಮೂತಿಗಿ ಕಟ್ತಾರ. ಕುಡಿಯಾಕ ಹೋದ್ರ ಮುಳ್ಳು ಆಕಳ ಕೆಚ್ಚಲಕ್ಕ ಚುಚ್ಚತಾವ. ಆಕಳು ತಾನೇ ಒದ್ದು ಓಡಸ್ತದ." ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. "ಇದಕ್ಕ ಇಬತ್ತಿ ಬ್ಯಾರೆ!"

ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಸಂಜೆ ಬೇವಿನ ಸೊಪ್ಪು ಕಿತ್ತು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ರಜೆ ಶುರುವಾಗಿ ಆಯುಧ ಪೂಜೆಯ ದಿನ ಬೆಳಿಗ್ಗೆ ಅದನ್ನು ಅರೆದು ಹಚ್ಚಿಕೊಂಡೆ. ವಚನಾ ಬಾಯಿ ಹಾಕಿದಳು, ಉಗುಳಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಇನ್ನೊಮ್ಮೆ ಬಾಯಿ ಹಾಕಿ ನೋಡಿ, ತೊಡೆಯಿಂದ ಜಾರಿ ಇಳಿದು ಅಜ್ಜಿಯ ಬೆನ್ನ ಹಿಂದೆ ಹೋಗಿ ನಿಂತಳು. ಅನ್ನ ಕೊಟ್ಟರೆ ತಲೆ ಅಲ್ಲಾಡಿಸಿದಳು. ಬಟ್ಟಲ ಹಾಲು ನೂಕಿದಳು. ಕರೆದರೆ ಬರಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಕೂತು ಈಳಿಗೆಮಣೆ, ಕತ್ತರಿ, ಮಗನ ಬೈಕಿನ ನಟ್ಟು ಬಿಚ್ಚುವ ಪಾನಾ ಎಲ್ಲ ಒರೆಸಿಡುತ್ತಿದ್ದರು. ಆ ಕಬ್ಬಿಣವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು.

"ಅದೇನು ದೇವರಲ್ರಿ ಅತ್ತೀ. ಕರದ ಮೂತಿಗಿ ಕಟ್ಟೂದು. ಹಾಲು ಬಿಡಸೂದು. ಸುಮ್ನ ಪೂಜಿ ಮಾಡಾಕತ್ತೀರಿ."

"ಗೊತ್ತದ" ಎಂದರು. ತಿಕ್ಕುವುದು ನಿಲ್ಲಿಸಲಿಲ್ಲ. "ನಾನೇ ಕಟ್ಟೀನಲ್ಲ."

ನಾನು ಅಲ್ಲೇ ಕುಳಿತೆ.

"ಚನ್ನವೀರ ಹಸಗೂಸು. ನನಗ ವಿಷಮಜ್ವರ ಬಂದು ಮೈಯಾಗಿನ ಹಾಲೆಲ್ಲ ಬತ್ತಿ ಹೋತು. ಆಗ ಮನ್ಯಾಗ ಒಂದೇ ಆಕಳು. ಅದರ ಕರಾನೂ ಇವನಷ್ಟೇ ಸಣ್ಣದು. ಕರ ಕುಡದ್ರ ಇವಗಿಲ್ಲ. ನಮ್ಮತ್ತಿ ಕಮ್ಮಾರನ ಕುಲುಮಿಯಿಂದ ಇದನ್ನ ತಂದು ನನ್ನ ಕೈಯಾಗ ಕೊಟ್ಟು, ಕಟ್ಟು ಅಂದಳು. ಕಟ್ಟಿದೆ. ಕರ ಹೋತು, ಆಕಳು ಒದ್ದಿತು. ಮತ್ತ ಹೋತು, ಮತ್ತ ಒದ್ದಿತು. ಆಮ್ಯಾಲ ಹೋಗಲಿಲ್ಲ. ದೂರ ನಿಂತು ಅವರವ್ವನ ಮಾರಿ ನೋಡತಿತ್ತು. ಮುಳ್ಳು ತನ್ನ ಮೂತಿ ಮ್ಯಾಲದಾವ ಅಂತ ಅದಕ್ಕೇನ್ ಗೊತ್ತು ಬೇ? ಅವ್ವ ಸಿಟ್ಟಾಗ್ಯಾಳ ಅಂತ ತಿಳಕೊಂಡಿತ್ತು."

ವಚನಾ ಅವರ ಸೆರಗಿನ ಮರೆಯಿಂದ ನನ್ನನ್ನು ನೋಡುತ್ತಿದ್ದಳು.

"ಬದುಕಿತೇನ್ರಿ ಅದು?"

"ಬದುಕದೇ ಏನು, ಹುಲ್ಲು ತಿಂದು ದೊಡ್ಡದಾತು. ಆಕಳ ಬಾಜೂಕ ಮಾತ್ರ ಮಲಗಲಿಲ್ಲ. ಆ ವರ್ಷ ಆಯುಧ ಪೂಜಿಗಿ ತಕ್ಕಡಿ, ಕುಡಗೋಲು, ಇದು, ಎಲ್ಲ ಜಗಲಿ ಮುಂದ ಇಟ್ವಿ. ಮರುದಿನ ತಕ್ಕಡಿ ಅಂಗಡಿಗಿ ಹೋತು, ಕುಡಗೋಲು ಕೊಟ್ಟಿಗಿಗಿ ಹೋತು. ಇದನ್ನ ನಾ ಎತ್ತಿ ಮಲ್ಲಯ್ಯನ ಬಾಜೂಕ ಇಟ್ಟಬಿಟ್ಟೆ. ಮುಂದ ಆಕಳು ಮತ್ತೊಂದು ಕರ ಈತು. ನಮ್ಮತ್ತಿ ಇದನ್ನ ಹುಡುಕ್ಯಾಡಿ ಬಂದು ನೋಡಿದಳು. ಜಗಲಿ ಮ್ಯಾಲಿಂದು ತಗದು ದನಕ್ಕ ಕಟ್ಟತಾರೇನು? ಸುಮ್ನಾದಳು." ಅವರು ಸ್ವಲ್ಪ ನಕ್ಕರು. "ಮಂದಿ ದೇವರ ಅಂದ್ರು. ಅನ್ನಲಿ ಅಂದೆ."

ನನ್ನ ಗಂಡ ಕುಡಿದು ಬೆಳೆದದ್ದು ಆ ಕರುವಿನ ಪಾಲು.

"ಹೋಗು, ಮೈ ತೊಳಕೊಂಡು ಬಾ" ಎಂದರು. "ಹಾಲು ಬಿಡಸಬ್ಯಾಡ ಅನ್ನಂಗಿಲ್ಲ ನಾ. ಆದ್ರ ದಿನಾ ಮುಂಜಾನಿ ಅದು ಮಲಗಿದಾಗ ಕಳ್ಳರಂಗ ಹೋಗ್ತಿ. ಎದ್ದು ನೋಡಿದ್ರ ನೀ ಇಲ್ಲ. ಎಲ್ಲಿಂದ ಬರ್ತಿಯೋ ಅಂತ ಬಾಗಲಾ ಕಾಯ್ತದ, ಹೆಂಗ ಉಣ್ಣಬೇಕು? ಅದಕ್ಕ ಹೇಳಿ ಹೋಗು. ಅಳಲಿ. ಸಂಜೀಕ ಬಂದು ಒಮ್ಮಿ ಕೊಡು. ಒಂದೊಂದ ಕಮ್ಮಿ ಆಗ್ತದ."

ಅಳುತ್ತಾಳೆಂದು ಹೆದರಿಯೇ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹೊರಬೀಳುತ್ತಿದ್ದೆ. ಬಿಸಿನೀರಿನಲ್ಲಿ ಎಷ್ಟು ತೊಳೆದರೂ ಬೇವಿನ ಕಹಿ ಬೇಗ ಹೋಗಲಿಲ್ಲ. ಅವತ್ತು ಸಂಜೆಯವರೆಗೂ ಅವಳು ನನ್ನ ಹತ್ತಿರ ಬರಲಿಲ್ಲ. ಬಂದಾಗಲೂ ಮೊದಲು ಮೂಸಿ ನೋಡಿದಳು.

ರಜೆ ಮುಗಿದ ದಿನ ಅವಳನ್ನು ಎಬ್ಬಿಸಿ, "ಮಾನ್ವಿಗಿ ಹೋಗಿ ಬರ್ತೀನಿ, ಬಸ್ಸಿನಾಗ" ಎಂದು ಹೇಳಿ ಹೊರಟೆ. ಓಣಿಯ ತಿರುವಿನವರೆಗೂ ಅವಳ ಅಳು ಕೇಳುತ್ತಿತ್ತು. ಮರುದಿನವೂ ಅಷ್ಟೇ. ಅತ್ತೆಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡಿದೆ. "ಉಣ್ತದ ಇಡು ಫೋನು" ಎಂದು ಬೈಸಿಕೊಂಡೆ.

ಈ ವಾರ ಒಂದು ಸಂಜೆ ಬಸ್ಸಿನಲ್ಲಿ ಸೀಟೂ ಸಿಗದೆ ನಿಂತೇ ಬಂದೆ. ಗೇಟಿನ ಬಳಿ ಅತ್ತೆ, ಸೊಂಟದ ಮೇಲೆ ವಚನಾ. ಅವಳ ಗದ್ದದ ಮೇಲೆ ಮಜ್ಜಿಗೆ ಒಣಗಿತ್ತು, ಕೈಯಲ್ಲಿ ರೊಟ್ಟಿಯ ತುಂಡಿತ್ತು.

"ನೋಡು, ನಿಮ್ಮವ್ವನ ಬಸ್ಸು ಬಂತು. ತಡಿ ಬೇ, ಕೈಕಾಲಾದ್ರೂ ತೊಳಕೊಳ್ಳಲಿ!"

ನನ್ನಿಂದ ಅಷ್ಟೂ ಆಗಲಿಲ್ಲ. ಚಪ್ಪಲಿ ಸಮೇತ ಹೊಸ್ತಿಲ ಮೇಲೆ ಕುಸಿದು ಕುಳಿತೆ. ಅವಳು ಅರ್ಧ ತಿಂದ ರೊಟ್ಟಿಯನ್ನು ನನ್ನ ಬಾಯಿಗೆ ತುರುಕಿ, ಆಮೇಲೆ ಸೆರಗು ಸರಿಸಿದಳು.