ಯಾರ ಎಡ, ಯಾರ ಬಲ

ಅಪ್ಪನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ ಮೇಲೆ ನಮ್ಮ ಮನೆಯವರಿಗೆ ಬರೀ ಡಾಕ್ಟರು ಸಾಲದಾಯಿತು. ದೇವರುಗಳೂ ಡ್ಯೂಟಿಗೆ ಬಂದರು. ಅರಕಲಗೂಡು ಕಡೆಯಿಂದ ನಮ್ಮ ಮನೆದೇವರು, ಹಳೇಕೋಟೆ ಕಡೆಯಿಂದ ಅವ್ವನ ತವರಿನ ದೇವರು, ಚನ್ನರಾಯಪಟ್ಟಣದಿಂದ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಸೆರಗಿನಲ್ಲಿ ಗಂಟು ಹಾಕಿಕೊಂಡು ತಂದ ಅವರೂರಿನ ದೇವಿ. ಒಬ್ಬರ ವಿಭೂತಿಯ ಮೇಲೆ ಇನ್ನೊಬ್ಬರ ಕುಂಕುಮ, ಅದರ ಮೇಲೆ ಮತ್ತೊಬ್ಬರ ಭಂಡಾರ. ಹಣೆಯಲ್ಲಿ ಜಾಗ ಸಾಲದೆ ಮಾರನೆಯ ದಿನ ದೇವಿಯವರು ಅಪ್ಪನ ಗಂಟಲಿಗೆ ಇಳಿದರು. ಸೂಜಿ ಚುಚ್ಚಲು ಬಂದ ನರ್ಸಮ್ಮ ಮಣಿಕಟ್ಟಿನ ತುಂಬ ಇದ್ದ ದಾರಗಳನ್ನು ನೋಡಿ, "ಇದರಲ್ಲಿ ಯಾವುದಾದ್ರೂ ಒಂದನ್ನ ಕತ್ತರಿಸಬಹುದಾ?" ಎಂದು ಕೇಳಿದರು. ಯಾವುದನ್ನು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಸೂಜಿಯೇ ಇನ್ನೊಂದು ಕೈಗೆ ಹೋಯಿತು.

ನಾನು ಹೊಳೆನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಮಲ್ಲಿಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ನನಗೆ ಒಳ್ಳೆಯ ಹೆಸರಿಲ್ಲ. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಫೋನು ನೋಡುವವಳು, ದೇವರೆಂದರೆ ಮೂಗು ಮುರಿಯುವವಳು ಎಂದು ಊರಿಗೆಲ್ಲ ಗೊತ್ತು. ಅದು ನಿಜವೂ ಹೌದು. ಕಚೇರಿಯಲ್ಲಿ ದಿನವಿಡೀ ಅರ್ಜಿ ಹಿಡಿದು ಕೈಮುಗಿಯುವವರನ್ನು ನೋಡಿದವಳಿಗೆ ದೇವಸ್ಥಾನದಲ್ಲೂ ಅದೇ ಕಂಡರೆ ಭಕ್ತಿ ಎಲ್ಲಿಂದ ಹುಟ್ಟಬೇಕು?

ಅಪ್ಪ ಹೊಗೆಸೊಪ್ಪು ಬೆಳೆದವನೇ ಹೊರತು ಒಂದು ಬೀಡಿ ಸೇದಿದವನಲ್ಲ. ಕೆಮ್ಮು ಶುರುವಾದಾಗ ಮೆಣಸಿನ ಕಷಾಯ ಕುಡಿದ. ಜ್ವರ ಬಂದಾಗ ಅದೇ ಕಷಾಯವನ್ನು ಇನ್ನಷ್ಟು ಖಾರ ಮಾಡಿಸಿಕೊಂಡು ಕುಡಿದ. ಮಾತಾಡಲು ಉಸಿರೇ ಸಾಲದಾದಾಗ ಮಾತ್ರ ಕಾರು ಹತ್ತಲು ಒಪ್ಪಿದ. ಅಷ್ಟರಲ್ಲಿ ಶ್ವಾಸಕೋಶದ ಸುತ್ತ ಕೀವು ತುಂಬಿಕೊಂಡಿತ್ತು.

ನೋಡಲು ಬರುವವರಿಗೇನೂ ಬರವಿರಲಿಲ್ಲ. ಎಳನೀರು, ಬ್ರೆಡ್ಡು, ಮೂಸಂಬಿ ಹಿಡಿದು ಬರುತ್ತಿದ್ದರು. ಐಸಿಯುನಲ್ಲಿ ಮೂತಿಗೆ ಮಾಸ್ಕು ಹಾಕಿಸಿಕೊಂಡು ಮಲಗಿದ್ದ ಅಪ್ಪ ಅದನ್ನು ತಿನ್ನುವ ಹಾಗಿರಲಿಲ್ಲವಾದ್ದರಿಂದ, ತಂದವರೇ ವರಾಂಡದಲ್ಲಿ ಕೂತು ಸುಲಿದು ತಿಂದು, ಇದೇ ಕಾಯಿಲೆಯಲ್ಲಿ ತೀರಿಕೊಂಡ ತಮ್ಮ ಪರಿಚಯದವರ ಕಥೆಯನ್ನೆಲ್ಲ ಅವ್ವನಿಗೆ ಹೇಳಿ ಧೈರ್ಯ ತುಂಬುತ್ತಿದ್ದರು. ಚನ್ನರಾಯಪಟ್ಟಣದ ಒಂದು ಸಂಸಾರವಂತೂ ಗಾಜಿನ ಆಚೆಯಿಂದ ಅಪ್ಪನ ಪಾದ ನೋಡಿ ಕಣ್ಣೊರೆಸಿಕೊಂಡು, ಹೇಗೂ ಇಷ್ಟು ದೂರ ಬಂದಿದ್ದೇವಲ್ಲ ಅಂತ ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ಹೋಯಿತು. ಹಿನ್ನೀರು ಇಳಿದಿದೆ, ಒಳಗೇ ಹೋಗಬಹುದಂತೆ ಎಂದು ಹೋಗುವ ಮುಂಚೆ ನನ್ನನ್ನೂ ಕರೆದರು. ಸಂಜೆ ಫೋಟೋ ಕಳಿಸಿದರು. ಚೆನ್ನಾಗಿಯೇ ಬಂದಿತ್ತು.

ನಳಿಕೆ ಹಾಕಿ ಕೀವು ತೆಗೆಯುವ ಪ್ರಯತ್ನ ಫಲ ಕೊಡಲಿಲ್ಲ. ಡಾಕ್ಟರು ನನ್ನನ್ನು ಕರೆದು ಎಕ್ಸ್‌ರೇ ತೋರಿಸಿದರು. ಎಡಗಡೆ ಕೀವು ಗಟ್ಟಿಯಾಗಿ ಕೂತಿದೆ, ಎದೆ ತೆರೆದು ಕ್ಲೀನ್ ಮಾಡಬೇಕು, ವಯಸ್ಸಾಗಿದೆ, ಹೃದಯವೂ ಸುಸ್ತಾಗಿದೆ, ಆಪರೇಷನ್ ಮಾಡಿದರೆ ಅಪಾಯ ಇದೆ, ಮಾಡದಿದ್ದರೆ ಖಂಡಿತ ಉಳಿಯುವುದಿಲ್ಲ ಎಂದರು. ಏನಾದರೂ ಕೇಳಬೇಕಲ್ಲ ಅಂತ, ಓದಿದವಳ ಗತ್ತಿನಲ್ಲಿ, "ಸಾರ್, ಎಡಗಡೆ ಅಂತೀರಿ, ಬೆಳ್ಳಗೆ ಕಾಣ್ತಿರೋದು ಬಲಗಡೆ ಅಲ್ವಾ?" ಎಂದು ಕೇಳಿದೆ. ಅವರು ಅಪ್ಪನ ಆಪರೇಷನ್ನು ಬಲಕ್ಕೆ ಬದಲು ಎಡಕ್ಕೆ ಮಾಡಿಬಿಡುವುದನ್ನು ನಾನು ತಪ್ಪಿಸಿದೆ ಅಂತಲೇ ನನ್ನ ಭಾವನೆ.

"ಅದು ನಿಮ್ಮ ಬಲಗಡೆ ಅಮ್ಮ. ಅವರ ಎಡ. ಪೇಷಂಟು ನಿಮ್ಮ ಎದುರಿಗೆ ನಿಂತಿದಾರೆ ಅಂದ್ಕೊಂಡು ನೋಡಿ," ಎಂದರು ಡಾಕ್ಟರು. ಬೇಗ ತೀರ್ಮಾನ ಹೇಳಿ ಅಂತಲೂ ಅಂದರು.

ತೀರ್ಮಾನ! ಮಾಸ್ಕು ಸರಿಸಿ ಅಪ್ಪನನ್ನು ಕೇಳಿದರೆ, "ನಿಮ್ಮವ್ವನ್ ಕೇಳು" ಅಂದ. ಅವ್ವನನ್ನು ಕೇಳಿದರೆ, "ನನ್ನೇನ್ ಕೇಳೀಯೆ? ದ್ಯಾವ್ರನ್ನ ಒಂದ್ ಮಾತು ಕೇಳ್ಬುಡಾನ. ಅವ್ರು ಊಂ ಅಂದ್ರೆ ಕುಯ್ಲಿ" ಅಂದಳು. ಕಡತ ಮೇಲಕ್ಕೆ ಹೋಗುವುದನ್ನು ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದೆ. ಇಷ್ಟು ಮೇಲಕ್ಕೆ ಹೋದದ್ದನ್ನು ಕಂಡಿರಲಿಲ್ಲ.

ದೇವರನ್ನು ಕೇಳುವುದೆಂದರೆ ನಮ್ಮಲ್ಲಿ ಹೂ ಕೇಳುವುದು. ಪೂಜಾರಪ್ಪ ಒದ್ದೆ ಹೂಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ನೀರು ಆರಿದ ಹೂ ಬಿದ್ದೇ ಬೀಳುತ್ತದಲ್ಲ ಎಂದು ಚಿಕ್ಕಂದಿನಲ್ಲಿ ಕೇಳಿ ಅವ್ವನ ಕೈಲಿ ಒದೆ ತಿಂದಿದ್ದೆ. ಅವ್ವ ಆಸ್ಪತ್ರೆ ಬಿಟ್ಟು ಕದಲುವ ಹಾಗಿರಲಿಲ್ಲ. ನನ್ನನ್ನು ಕಳಿಸಿದರೆ ದೇವರು ಇನ್ನಷ್ಟು ಮುನಿಸಿಕೊಳ್ಳುತ್ತಾನೆಂಬ ಭಯ. ಕಡೆಗೆ ಅವಳ ತಮ್ಮ, ನನ್ನ ಸೋದರಮಾವ, ಹಳೇಕೋಟೆ ಕಡೆಯ ತನ್ನೂರಿನಿಂದ ಬೈಕು ಹತ್ತಿಕೊಂಡು ನಮ್ಮ ದೇವರ ಹತ್ತಿರ ಹೋದ. ನೆಂಟರ ಪೈಕಿ ಅವನಷ್ಟು ದೈವಭಕ್ತ ಇನ್ನೊಬ್ಬನಿಲ್ಲ.

ಮಧ್ಯಾಹ್ನ ಫೋನು ಬಂತು. ಅವ್ವನಿಗೆ ಕಿವಿ ಮಂದ, ಅದಕ್ಕೇ ಸ್ಪೀಕರ್ ಹಾಕಿದ್ದೆ.

"ಎಡಕ್ಕೆ ಬಿತ್ತು ಕಣಕ್ಕ. ಬ್ಯಾಡ ಅಂತವ್ರೆ. ಕುಯ್ಸದ್ ಬ್ಯಾಡ, ಬಾವನ್ನ ಮನೀಗ್ ಕರ್ಕಂಡೋಗ್ಬುಡಾನ."

ಅವ್ವ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಸಹಿ ಹಾಕುವುದಿಲ್ಲ ಅಂದಳು. ನಾನು ಕೂಗಾಡಿದೆ. ಅಪ್ಪ ಬದುಕುವುದು ಸಾಯುವುದು ಒಂದು ಕಣಗಲೆ ಹೂವಿನ ಮೇಲೆ ನಿಂತಿದೆಯಾ ಅಂದೆ. ವರಾಂಡದವರೆಲ್ಲ ಮೂಸಂಬಿ ಸುಲಿಯುವುದನ್ನು ಬಿಟ್ಟು ನೋಡಿದರು. ಅವ್ವ ಅಲ್ಲಾಡಲಿಲ್ಲ. ನನ್ನ ಕೈಯಲ್ಲಿ ಇನ್ನೂ ಎಕ್ಸ್‌ರೇ ಇತ್ತು. ಡಾಕ್ಟರ ಮುಂದೆ ಆದ ಮುಖಭಂಗ ಹಸಿಯಾಗಿಯೇ ಇತ್ತು. ಅದರಿಂದಲೇ ಇರಬೇಕು, ಬಾಯಿಗೆ ಬಂತು:

"ಮಾವ, ಯಾರ ಎಡ?"

"ಯಾರ್ ಎಡ ಅಂದ್ರೆ?"

"ನಿನ್ನ ಎಡವೋ, ದೇವರ ಎಡವೋ?"

"ನನ್ನ್ ಎಡ್ಗೈ ಕಡೀಕೆ ಕಣವ್ವ" ಅಂದ.

ನಾನು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವ್ವನನ್ನು ಅದರ ಮುಂದೆ ನಿಲ್ಲಿಸಿದೆ. ಅಪ್ಪ ನಿನ್ನ ಎದುರಿಗೆ ನಿಂತಿದ್ದಾನೆ ಅಂದುಕೋ, ನಿನ್ನ ಬಲಗೈ ಕಡೆ ಇರುವುದು ಅವನ ಎಡ, ನಿನ್ನ ಎಡಗೈ ಕಡೆ ಇರುವುದು ಅವನ ಬಲ ಎಂದು ಡಾಕ್ಟರ ಪಾಠವನ್ನು ಒಪ್ಪಿಸಿದೆ. ಅವ್ವ ಒಂದು ಸಲ ತನ್ನ ಕೈ ನೋಡಿಕೊಂಡಳು, ಒಂದು ಸಲ ಎಕ್ಸ್‌ರೇ ನೋಡಿದಳು.

"ಅಂಗಾರೆ ದ್ಯಾವ್ರೂ ಎದುರ್ಗೇ ಕುಂತವ್ರಲ್ಲ! ಬಲಕ್ ಕೊಟ್ಟವ್ರೆ ಕಣೇ!" ಅಂದಳು. "ನಮ್ ತವ್ರಲ್ಲಿ ನಮ್ ಬಲ ಲೆಕ್ಕ. ಇಲ್ಲಿ ದ್ಯಾವ್ರ ಬಲ. ಮದ್ವೆಯಾಗ್ ಬಂದಾಗ ನಾನೂವೆ ಒಸಿ ದಿನ ಇಂಗೇ ತಪ್ ತಿಳ್ಕಂಡಿದ್ದೆ."

ಅತ್ತೆ ಸುಮ್ಮನಿರಲಾರದೆ, ತಮ್ಮೂರಿನದು ಹೆಣ್ಣು ದೇವರು, ಅವಳು ಎಡಕ್ಕೆ ಕೊಟ್ಟರೇ ಶುಭ, ಆ ಲೆಕ್ಕದಲ್ಲೂ ಆಗಲಿ ಅಂತಲೇ ಅರ್ಥ ಎಂದು ತನ್ನ ಪಾಲಿನ ಕೀರ್ತಿಯನ್ನು ತಗೊಂಡಳು. ಫೋನಿನಲ್ಲಿದ್ದ ಮಾವ "ಅಕ್ಕ, ಅಂಗಲ್ಲ... ಬ್ಯಾಡ ಕಣಕ್ಕ" ಎನ್ನುತ್ತಲೇ ಇದ್ದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಅವ್ವ ಸಹಿ ಹಾಕಿದಳು. ವಿಜ್ಞಾನ ಬಂದು ದೇವರ ಮಾನ ಉಳಿಸಿದ್ದನ್ನು ಕಣ್ಣಾರೆ ಕಂಡವಳು ನಾನು, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಾರನೆಯ ಬೆಳಿಗ್ಗೆ ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಮಾವ ಬಂದ. ಮುಖ ನೋಡಲಾಗುತ್ತಿರಲಿಲ್ಲ. ಅವನನ್ನು ಆಸ್ಪತ್ರೆಯ ಎದುರಿನ ಟೀ ಅಂಗಡಿಗೆ ಎಳೆದುಕೊಂಡು ಹೋಗಿ, "ಏನ್ ಮಾವ, ಎಡ ಬಲ ಗೊತ್ತಿಲ್ದೆ ಇಷ್ಟು ವರ್ಷ ಎತ್ತು ಹೆಂಗೆ ಹೂಡ್ದೆ?" ಎಂದು ರೇಗಿಸಿದೆ. ಅವನು ನಗಲಿಲ್ಲ.

"ಊವ ಬೀಳ್ಲೇ ಇಲ್ಲ ಕಣ್ ಮಗ. ನಾನು ಕೇಳ್ಲೇ ಇಲ್ಲ."

ಟೀ ಲೋಟ ಕೈಯಲ್ಲಿ ಸುಡುತ್ತಿತ್ತು. ಇಳಿಸುವುದು ಮರೆತೆ.

ಮಾವನ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿತ್ತು. ಗರ್ಭಕೋಶದ ಆಪರೇಷನ್ನಿಗೆ ಅಂತ ಒಳಗೆ ಹೋದವಳು ಹೊರಗೆ ಬರಲಿಲ್ಲ. ಅಷ್ಟು ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

"ಅವತ್ತು ನಾನೇ ಓಗಿ ಕೇಳಿದ್ದೆ," ಅಂದ. "ಕೇಳ್ತಿದ್ದಂಗೇ ಬಲಕ್ಕೆ ಬಿತ್ತು. ಆ ಊವ ಕಣ್ಗೊತ್ಕಂಡು ಬಂದು ಅವ್ಳ್ ತಲೇಗ್ ಮುಡ್ಸಿ ಒಳೀಕ್ ಕಳ್ಸ್ದೆ. ನೆನ್ನೆ ಪೂಜಾರಪ್ಪ ಊವ ಇಡಾಕ್ ಬಂದ್ರು. ಎಡಕ್ ಬಿದ್ರೆ ಅಂತ ಎದ್ರಿಕೆ ಆಗ್ಲಿಲ್ಲ ಕಣವ್ವ. ಬಲಕ್ ಬಿದ್ರೆ ಏನ್ ಮಾಡಾನ ಅಂತ ಎದ್ರಿಕೆ ಆಗ್ಬುಡ್ತು. ಬ್ಯಾಡ ಬುಡಿ ಸ್ವಾಮಿ ಅಂತ ಮಂಗ್ಳಾರ್ತಿ ತಕಂಡ್ ಬಂದ್ಬುಟ್ಟೆ. ನಿಮ್ಮವ್ವಂಗೆ ಎಡ ಅಂದೆ. ನೀನು ಅದ್ನ ಬಲ ಮಾಡ್ಬುಟ್ಟೆ."

ಹೂ ಬೀಳಲಿಲ್ಲವಲ್ಲ ಎಂದು ಅಳುವವರನ್ನು ಆಡಿಕೊಳ್ಳಲು ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು. ಎಲ್ಲಿ ಬಿದ್ದುಬಿಡುತ್ತದೋ ಎಂದು ಹೆದರಿದವನಿಗೆ ಹೇಳಲು ಒಂದೂ ಇರಲಿಲ್ಲ. ನಮ್ಮ ವಂಶದ ದೊಡ್ಡ ನಾಸ್ತಿಕಳು ನಾನು ಅಂದುಕೊಂಡಿದ್ದೆ. ಹಣೆಯ ಮೇಲೆ ಅಷ್ಟಗಲ ವಿಭೂತಿ ಬಳಿದುಕೊಂಡು, ಎಲ್ಲರಿಗಿಂತ ಮೊದಲು ಎದ್ದು ಗುಡಿಗೆ ಹೋಗುವ ಈ ಮನುಷ್ಯ ಒಳಗೆ ಯಾವ ಪರಿ ಮುರಿದುಹೋಗಿದ್ದ ಅಂತ ನನಗೆ ತಿಳಿದಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ನನಗೆ ಆಗ ಹೆದರಿಕೆಯಾಯಿತು. ಅಪ್ಪನನ್ನು ಯಾರ ಅಪ್ಪಣೆಯೂ ಇಲ್ಲದೆ ಒಳಗೆ ಕಳಿಸಿಬಿಟ್ಟೆವಲ್ಲ ಅನ್ನಿಸಿತು. ಇಲ್ಲದ ದೇವರು ಸುಮ್ಮನಿದ್ದ ಎಂಬ ಕಾರಣಕ್ಕೆ ಟೀ ಲೋಟ ಅಲ್ಲೇ ಇಟ್ಟು ಮೇಲಕ್ಕೆ ಓಡಿದೆ. ಇಂಥ ಮೂರ್ಖತನವನ್ನು ಬೇರೆಯವರಲ್ಲಿ ಕಂಡಿದ್ದರೆ ವಾರವಿಡೀ ನಗುತ್ತಿದ್ದೆ.

ಅವ್ವ ಥಿಯೇಟರಿನ ಬಾಗಿಲ ಮುಂದೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಮಾವ ಕೆಳಗೇ ಉಳಿದಿದ್ದ. ಪಕ್ಕದಲ್ಲಿ ಕೂತು, ತಡೆಯಲಾರದೆ, ಎಲ್ಲವನ್ನೂ ಅವಳ ಕಿವಿಯಲ್ಲಿ ಹೇಳಿಬಿಟ್ಟೆ. ಅವಳು ಕಿರುಚುತ್ತಾಳೆ, ಬಾಗಿಲು ಬಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಸರಿ ಮಾಡಿಕೊಂಡಳು.

"ಕೇಳ್ಲೇ ಇಲ್ವಾ? ಪಾಪ," ಅಂದಳು. ತಮ್ಮನಿಗೆ ಹೇಳಿದ್ದೋ ದೇವರಿಗೆ ಹೇಳಿದ್ದೋ ತಿಳಿಯಲಿಲ್ಲ. ಆಮೇಲೆ, "ಓಗ್ಲಿ ಬುಡು. ಕೇಳ್ದಿದ್ ಮ್ಯಾಕೆ ಬ್ಯಾಡ ಅಂತಾನೂ ಅಂದಿಲ್ವಲ್ಲ ಅವ್ರು" ಅಂದಳು. ನನ್ನ ಕೈ ಹಿಡಿದು ನೋಡಿದಳು. "ನಿಂಗ್ಯಾಕೆ ಇಷ್ಟ್ ಎದ್ರಿಕೆ? ನೀನು ನಂಬಾಕಿಲ್ವಲ್ಲ?"

ಉತ್ತರ ಹೇಳಲು ಹೋದರೆ ಅಳು ಬಂತು. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವ್ವ ನನ್ನ ಬೆನ್ನು ಸವರುತ್ತಾ, "ನಿಮ್ಮಾವಂಗೆ ನಂಗ್ ಗೊತ್ತು ಅಂತ ಏಳ್ಬ್ಯಾಡ ಕಣೇ. ಸಾಯ್ತಾನೆ ಅವ್ನು" ಅಂದಳು.

ಬಾಗಿಲು ತೆರೆದು ಡಾಕ್ಟರು ಬಂದು, ಆಪರೇಷನ್ ಆಯಿತು, ಇನ್ನು ಕೆಲವು ದಿನ ಕಾದು ನೋಡಬೇಕು ಎಂದರು. ಕಾದೆವು. ಆ ಕಾಯುವಿಕೆಯ ಬಗ್ಗೆ ವ್ಯಂಗ್ಯವಾಗಿ ಬರೆಯಲು ನನಗೆ ಇನ್ನೂ ಬಂದಿಲ್ಲ. ಕಡೆಗೊಂದು ದಿನ ಉಸಿರಾಟದ ಯಂತ್ರ ತೆಗೆದರು, ಅಪ್ಪ ತಾನೇ ಉಸಿರಾಡಿದ. ಸುದ್ದಿ ಹೊರಬೀಳುತ್ತಲೂ ಮೂರೂ ಕಡೆಯ ದೇವರುಗಳ ಪರವಾಗಿ ವಕಾಲತ್ತು ಶುರುವಾಯಿತು. ಅತ್ತೆಯ ದೇವಿ ಗೆಲ್ಲುವ ಹಾಗೆ ಕಾಣುತ್ತಿತ್ತು, ಅತ್ತೆಯ ಗಂಟಲು ದೊಡ್ಡದು.

ಮಾವ ಒಳಗೆ ಬರಲು ಒಪ್ಪುತ್ತಿರಲಿಲ್ಲ. ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ಅವ್ವ ತಲೆದಿಂಬಿನ ಹತ್ತಿರ ನಿಂತಿದ್ದಳು. ಅಪ್ಪ ಅವನನ್ನು ಕಂಡು ಕಣ್ಣರಳಿಸಿ, ನಿಂತು ನಿಂತು ಕೇಳಿದ:

"ನೀನೇ ಓಗಿದ್ಯಂತಲ್ಲ ಊ ಕೇಳಾಕೆ. ಬಲಕ್ ಬಿದ್ದುದ್ದ ಕಣ್ಣಾರ ನೋಡ್ದೇನ್ಲಾ?"

ಮಾವನ ತುಟಿ ಅಲುಗಿತು. ಅವನು ನನ್ನ ಕೈ ಬಿಡಿಸಿಕೊಳ್ಳಲು ನೋಡಿದ.

"ಬಲಕ್ಕೇ ಬಿತ್ತು ಕಣಪ್ಪ," ಅಂದೆ ನಾನು. "ಬಿಳೀ ಕಣಗಲೆ. ಕೇಳ್ತಿದ್ದಂಗೇ ಬಿತ್ತು."

ಅಪ್ಪ ನನ್ನ ಕಡೆಗೆ ತಿರುಗಿ ನೋಡಿದ. ನನ್ನ ಬಾಯಲ್ಲಿ ದೇವರ ಮಾತು ಕೇಳಿ ಅವನಿಗೆ ಆಶ್ಚರ್ಯವಾಗಿರಬೇಕು.

"ನೀನೂ ಇದ್ದ್ಯಾ ಅಲ್ಲಿ?"

"ಇದ್ದೆ," ಅಂದೆ.